ಹತ್ತಿರದ ಲೇಡೀಸ್ ಟೈಲರ್

ಊರಿಗೆಲ್ಲ ಗೊತ್ತಿರುವ ಅಂಗಡಿಯನ್ನು ಫೋನಿಗೂ ಗೊತ್ತಾಗುವಂತೆ ಮಾಡುವುದು ನನ್ನ ಕೆಲಸ. ಹೊನ್ನಾಳಿಯ ಡಿಟಿಪಿ ಅಂಗಡಿಯೊಂದರಲ್ಲಿ ಲಗ್ನಪತ್ರಿಕೆ, ಫ್ಲೆಕ್ಸ್ ಬ್ಯಾನರು ಮಾಡುತ್ತ ಕೂತು ಕೂತು ಬೇಸರ ಬಂದು ಇದಕ್ಕೆ ಇಳಿದೆ. ಸ್ಕೂಟಿ ಹತ್ತಿ ನ್ಯಾಮತಿ, ಸವಳಂಗ, ಚನ್ನಗಿರಿ ಸುತ್ತುತ್ತೇನೆ; ಜಗಳೂರಿಗೆ ಮಾತ್ರ ಬಸ್ಸು. ಅಂಗಡಿಯ ಹೆಸರು, ಬಾಗಿಲು ತೆಗೆಯುವ ಹೊತ್ತು, ಫೋನ್ ನಂಬರು, ನಾಲ್ಕು ಫೋಟೊ ಮ್ಯಾಪಿಗೆ ಹಾಕುತ್ತೇನೆ. ಆಮೇಲೆ ಯಾರಾದರೂ ‘ಹತ್ತಿರದ ಪಂಚರ್ ಅಂಗಡಿ’, ‘ಹತ್ತಿರದ ಹಿಟ್ಟಿನ ಗಿರಣಿ’ ಎಂದು ಹುಡುಕಿದರೆ ಇವರು ಸಿಗಬೇಕು. ಗಿರಾಕಿಗಳು ಅಂಗಡಿಯ ಬಗ್ಗೆ ಏನಾದರೂ ಬರೆದರೆ, ಫೋಟೊ ಹಾಕಿದರೆ, ಅಂಗಡಿಯವರ ಪರವಾಗಿ ಉತ್ತರ ಕೊಡುವವಳೂ ನಾನೇ. ಎಲ್ಲರಿಗೂ ಒಂದೇ ಉತ್ತರ: ‘ಧನ್ಯವಾದಗಳು, ಮತ್ತೆ ಬನ್ನಿ.’

ನನ್ನದು ಬಾಯಿ ಜೋರು. ಬೇಡ ಅನ್ನುವವರನ್ನು ಒಪ್ಪಿಸುವುದೇ ನನಗೊಂದು ಖುಷಿ. ಸವಳಂಗದ ಗಿರಣಿ ಯಜಮಾನರು “ನಮ್ ಗಿರಣಿ ಯಾರಿಗೆ ಗೊತ್ತಿಲ್ರೀ, ನಂದೇನು ಫೋಟೊ” ಎಂದು ಗದರಿಕೊಂಡವರು, ಅರ್ಧ ಗಂಟೆಯಲ್ಲಿ ಮನೆಗೆ ಹೋಗಿ ಇಸ್ತ್ರಿ ಅಂಗಿ ತೊಟ್ಟು ಬಂದು, ಹಿಟ್ಟು ಮೈಮೇಲೆ ಬೀಳದಷ್ಟು ದೂರದಲ್ಲಿ ಗತ್ತಿನಿಂದ ನಿಂತರು. ಅಂಥವರನ್ನು ನೋಡಿ ನೋಡಿ, ಜನ ಬೇಡ ಅನ್ನುವುದೆಲ್ಲ ಬರೀ ಸಂಕೋಚ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಅಂಗಡಿಯವರ ಮುಖ ಕಾಣುವ ಫೋಟೊ ಇದ್ದರೆ ಜನ ನಂಬಿ ಬರುತ್ತಾರೆ ಎಂಬುದು ನಾನೇ ಮಾಡಿಕೊಂಡ ಇನ್ನೊಂದು ನಿಯಮ.

ನ್ಯಾಮತಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಬ್ಲೌಸ್ ಹೊಲಿಯುವ ಒಬ್ಬಳಿದ್ದಳು. ಒಂದೇ ಕೋಣೆ, ಮುಂದೆ ಮಿಷನ್ನು, ಪರದೆಯ ಹಿಂದೆ ಒಲೆ, ಹಾಸಿಗೆ, ಐದನೇ ಕ್ಲಾಸಿನ ಮಗಳು. ಬೋರ್ಡಿಲ್ಲ. ಜಗಳೂರು ಕಡೆಯವಳು ಎಂಬುದೊಂದು ಬಿಟ್ಟರೆ ಯಾರಿಗೂ ಹೆಚ್ಚು ಗೊತ್ತಿರಲಿಲ್ಲ. ಕೈ ಮಾತ್ರ ಬಂಗಾರ. ನನ್ನ ಭುಜ ಒಂದು ಕಡೆ ತುಸು ಇಳಿದಿದೆ ಎಂದು ನನಗೆ ಗೊತ್ತಾದದ್ದೇ ಅವಳು ಹೊಲಿದ ಬ್ಲೌಸ್ ಸರಿಯಾಗಿ ಕೂತ ಮೇಲೆ.

ಅವಳು ಗಿರಾಕಿಗಳ ಹೆಸರು ಕೇಳುತ್ತಿರಲಿಲ್ಲ. ಅಳತೆಗೆಂದು ಕೊಟ್ಟ ಹಳೆ ಬ್ಲೌಸನ್ನು ಹೊಸ ಬಟ್ಟೆಯ ಜೊತೆ ಸುತ್ತಿ, ಮೇಲೊಂದು ಚೀಟಿ ಸಿಕ್ಕಿಸುತ್ತಿದ್ದಳು. ಚೀಟಿಯಲ್ಲಿ ‘ಡೈರಿ ಹಿಂದಿನ ಎತ್ತರದಾಕಿ’, ‘ಅವಳಿ ಮಕ್ಕಳ ತಾಯಿ’ ಎಂದೆಲ್ಲ ಇರುತ್ತಿತ್ತು. ನನ್ನ ಚೀಟಿಯನ್ನು ಒಮ್ಮೆ ಇಣುಕಿ ನೋಡಿದೆ. ‘ನಗೋ ಅಕ್ಕ’ ಎಂದಿತ್ತು.

“ಹೆಸರು ಬರ್ಕೊಂಡ್ರೆ ಸಲೀಸಲ್ವಾ?” ಎಂದೆ.

“ನಾನು ಕೇಳಿದ್ರೆ ಅವ್ರೂ ಕೇಳ್ತಾರೆ ಬಿಡಕ್ಕ” ಎಂದಳು. ತಮಾಷೆ ಎಂದುಕೊಂಡೆ.

ಆಷಾಢ ಬಂದು ಕೆಲಸ ಕಡಿಮೆಯಾದಾಗ ಅವಳು ಸುಮ್ಮನೆ ಗುಂಡಿ ಡಬ್ಬಿ ಜೋಡಿಸುತ್ತ ಕೂತಿರುವುದನ್ನು ಕಂಡು ನನಗೆ ತಡೆಯಲಾಗಲಿಲ್ಲ. ಮ್ಯಾಪಿಗೆ ಹಾಕುತ್ತೇನೆ ಎಂದೆ.

“ಬ್ಯಾಡಕ್ಕ. ಬಂದೋರಿಗೆ ಹೊಲ್ಕೊಟ್ರೆ ಸಾಕು ನಂಗೆ.”

ಗಿರಣಿ ಯಜಮಾನರೂ ಹೀಗೇ ಅಂದಿದ್ದರಲ್ಲ. ಅವಳು ಮಿಷನ್ನಿನ ಮೇಲೆ ಬಗ್ಗಿದ್ದಾಗ ‘ಇಲ್ನೋಡು’ ಎಂದೆ, ತಲೆ ಎತ್ತಿದಳು, ಫೋಟೊ ತೆಗೆದೆ. ಕಿಟಕಿಯ ಬೆಳಕು ಮುಖದ ಮೇಲೆ ಬಿದ್ದು ಫೋಟೊ ಬಹಳ ಚೆನ್ನಾಗಿ ಬಂತು. ಅಲ್ಲೇ ನಿಂತು ಎಲ್ಲವನ್ನೂ ಹಾಕಿ ಅವಳಿಗೆ ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು.

“ಇದನ್ನ ಯಾರ್ ಯಾರು ನೋಡ್ತಾರಕ್ಕ?”

“ಪ್ರಪಂಚನೇ ನೋಡ್ತೈತೆ ತಗಾ” ಎಂದು ನಕ್ಕೆ.

“ತೆಗ್ಯಾಕೆ ಬರ್ತೈತಾ?”

“ಬರ್ತೈತೆ. ಎರಡು ವಾರ ಇರ್ಲಿ, ಆಮೇಲೆ ನೋಡಾಣ.”

ತೆಗೆದುಹಾಕಲು ಒಂದು ನಿಮಿಷವೂ ಬೇಕಿರಲಿಲ್ಲ. ನನಗೆ ನನ್ನ ಕೆಲಸದ ಮೇಲೆ ಅಷ್ಟು ಮೋಹ.

ಎರಡು ವಾರದಲ್ಲಿ ಕೆಲಸ ಬಂತು. ಸವಳಂಗದಿಂದ, ಹೊನ್ನಾಳಿಯಿಂದ ಫೋನು ಬಂದವು. ಮದುವೆ ಮನೆಯೊಂದರವರು ಒಂದೇ ಸಲ ಒಂಬತ್ತು ಬ್ಲೌಸ್ ಕೊಟ್ಟರು. “ಒಳ್ಳೇದೇ ಆತು ಬಿಡಕ್ಕ” ಎಂದು ಅವಳೇ ಒಂದು ಲೋಟ ಚಹಾ ಕೊಟ್ಟಳು. ನಾನು ಉಬ್ಬಿಹೋದೆ. ಫೋಟೊದ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಒಂದು ಮಧ್ಯಾಹ್ನ ಚನ್ನಗಿರಿಯಲ್ಲಿ ಇನ್ಯಾವುದೋ ಅಂಗಡಿಯ ಕೆಲಸದಲ್ಲಿದ್ದಾಗ, ಅವಳ ಅಂಗಡಿಗೆ ಯಾರೋ ಐದು ನಕ್ಷತ್ರ ಕೊಟ್ಟು ಫೋಟೊ ಹಾಕಿದ್ದು ಕಂಡಿತು. ಬರಹ ಏನೂ ಇರಲಿಲ್ಲ. ಓಣಿಯ ಆಚೆ ಬದಿಯಿಂದ ತೆಗೆದ ಫೋಟೊ. ಅರ್ಧ ತೆರೆದ ಬಾಗಿಲು, ಹೊಸ್ತಿಲ ಹೊರಗೆ ಮಗಳ ಚಪ್ಪಲಿ. ಹಾಕಿದವರದು ಗಂಡಸಿನ ಹೆಸರು. ಹೆಂಡತಿಯ ಬ್ಲೌಸ್ ಒಯ್ಯಲು ಬಂದವನಿರಬೇಕು, ಪಾಪ, ಒಳಗೆ ಬರಲು ನಾಚಿಕೊಂಡು ಹೊರಗಿನಿಂದಲೇ ತೆಗೆದಿದ್ದಾನೆ ಎಂದುಕೊಂಡೆ. ಎಂದಿನಂತೆ ಬರೆದೆ: ‘ಧನ್ಯವಾದಗಳು, ಮತ್ತೆ ಬನ್ನಿ.’

ನಾಲ್ಕು ದಿನ ಬಿಟ್ಟು ನ್ಯಾಮತಿಗೆ ಹೋದರೆ ಬಾಗಿಲಿಗೆ ಬೀಗ. ಮಿಷನ್ನಿನ ಕಬ್ಬಿಣದ ಕಾಲು ಮುರಿದು ಚರಂಡಿಯ ಪಕ್ಕ ಬಿದ್ದಿತ್ತು. ಎದುರು ಮನೆಯ ಕಟ್ಟೆಯ ಮೇಲೆ ಹೂ ಕಟ್ಟುವ ಅಜ್ಜಿ ನನ್ನನ್ನು ಕರೆದು ಕೂರಿಸಿಕೊಂಡರು.

“ಗಂಡನಂತೆ. ಹೊಡ್ತ ತಡೀಲಾರದೆ ಮಗಳನ್ನ ಕರ್ಕೊಂಡು ಬಂದು ಇಲ್ಲಿ ಅಡಗಿದ್ಲಂತೆ, ನಮಗೇನು ಗೊತ್ತು? ಅವ್ರ ಊರೋರು ಯಾರೋ ಸವಳಂಗಕ್ಕೆ ಮದ್ವೆಗೆ ಬಂದೋರು, ಬ್ಲೌಸ್ ಸಡ್ಲ ಆತು ಅಂತ ಹತ್ರದಾಗೆ ಟೈಲರ್ ಯಾರದಾರೆ ಅಂತ ಫೋನಾಗೆ ನೋಡಿದ್ರಂತೆ. ನೋಡಿದ್ರೆ ಇವಳ ಮುಖ. ಅವನಿಗೆ ಕಳ್ಸಿದ್ರು. ಒಂದಿನ ಬಂದು ಹೊರಗೇ ನಿಂತು ನೋಡ್ಕೊಂಡು ಹೋದ. ಆಮೇಲೆ ಮತ್ತೆ ಬಂದ.”

ಮತ್ತೆ ಬಂದ ಎಂಬ ಮಾತು ಕೇಳಿ ಫೋನು ತೆಗೆದು ನೋಡಿದೆ; ಓಣಿಯಿಂದ ತೆಗೆದ ಆ ಫೋಟೊದ ಕೆಳಗೆ ‘ಮತ್ತೆ ಬನ್ನಿ’ ಎಂದು ನಾನೇ ಬರೆದದ್ದು ಹಾಗೇ ಇತ್ತು.

ಅವನು ಅವಳ ಜಡೆ ಹಿಡಿದು ಹೊರಗೆಳೆದನಂತೆ. ಮಿಷನ್ನು ಎತ್ತಿ ಓಣಿಗೆ ಎಸೆದನಂತೆ. ಜನ ಸೇರಿ ಅವನನ್ನು ಹಿಡಿದು ಠಾಣೆಗೆ ಒಯ್ದ ಆ ಒಂದು ಗಂಟೆಯಲ್ಲಿ ಅವಳು ಮಗಳನ್ನು ಶಾಲೆಯಿಂದ ಕರೆದುಕೊಂಡು ಬಸ್ಸು ಹತ್ತಿದ್ದಳು. ಎಲ್ಲಿಗೆ ಎಂದು ಅಜ್ಜಿ ಕೇಳಲಿಲ್ಲ, ಅವಳು ಹೇಳಲಿಲ್ಲ.

“ಆ ಫೋಟೊ ಯಾರು ಹಾಕಿದ್ರೋ” ಎಂದರು ಅಜ್ಜಿ.

“ನಾನೇ ಅಜ್ಜಿ” ಎಂದೆ.

ಅಜ್ಜಿ ದಾರ ಸುತ್ತುವುದನ್ನು ನಿಲ್ಲಿಸಿದರು. ಬೈದಿದ್ದರೆ ಚೆನ್ನಾಗಿತ್ತು. “ಹಂಗಾದ್ರೆ ಅಕ್ಕ ಅಂದಿದ್ದು ನಿನ್ನೇ” ಎಂದು ಒಳಗಿನಿಂದ ದೊಡ್ಡದೊಂದು ಚೀಲ ತಂದರು. “ಅಕ್ಕಂಗೆ ಹೇಳ್ರಿ, ಆ ಫೋಟೊ ತೆಗೆದ್ಹಾಕ್ಲಿ ಅಂದ್ಲು. ಇವು ಊರ ಹೆಣ್ಮಕ್ಳ ಬಟ್ಟೆ, ಮುಟ್ಟಿಸ್ಬೇಕು ಅಂದ್ಲು. ನನಗೆ ಓಡಾಡಾಕೆ ಆಗಲ್ಲ.”

ಕಟ್ಟೆಯ ಮೇಲೆ ಕೂತೇ ಮ್ಯಾಪಿನಿಂದ ಅವಳ ಫೋಟೊ ತೆಗೆದುಹಾಕಿದೆ, ನಂಬರು ತೆಗೆದುಹಾಕಿದೆ, ನನ್ನ ಉತ್ತರವನ್ನೂ ಅಳಿಸಿದೆ. ಅವನು ಹಾಕಿದ ಫೋಟೊ ತೆಗೆಯುವ ಅಧಿಕಾರ ನನಗಿರಲಿಲ್ಲ. ದೂರು ಕೊಟ್ಟು ಕಾಯಬೇಕಿತ್ತು. ಆ ಚಪ್ಪಲಿ ಜೋಡಿ ಇನ್ನೂ ಎಷ್ಟೋ ದಿನ ಅಲ್ಲೇ ಇತ್ತು. ದಿನಾ ಬೆಳಿಗ್ಗೆ ಫೋನು ತೆಗೆದು ನೋಡುತ್ತಿದ್ದೆ.

ಚೀಲ ಹೊತ್ತು ಮೂರು ದಿನ ತಿರುಗಿದೆ. ಹೆಸರಿಲ್ಲ, ನಂಬರಿಲ್ಲ, ಚೀಟಿಗಳಷ್ಟೇ. ಊರೂರಿನ ಅಂಗಡಿಗಳನ್ನು ಮ್ಯಾಪಿಗೆ ಏರಿಸಿದವಳು ‘ಅವಳಿ ಮಕ್ಕಳ ತಾಯಿ’ ಯಾರು ಎಂದು ಓಣಿ ಓಣಿ ಕೇಳುತ್ತ ಹೋದೆ. ಎಲ್ಲರೂ ಸಿಕ್ಕರು. ಡೈರಿ ಹಿಂದಿನ ಎತ್ತರದವಳು ಬಟ್ಟೆ ಇಸಿದುಕೊಂಡು, “ಎಲ್ಲಿಗೆ ಹೋದ್ಲು? ನೀವು ಫೋನಾಗೆ ಎಲ್ಲಾ ಹುಡುಕ್ತೀರಲ್ಲ, ಒಸಿ ನೋಡ್ರಿ” ಎಂದಳು. ನಾನು ಸ್ಕೂಟಿ ಸ್ಟಾರ್ಟ್ ಮಾಡಿದೆ.

ಚೀಲದ ತಳದಲ್ಲಿ ನನ್ನದಿತ್ತು. ಹೊಲಿದು ಮುಗಿಸಿ, ಹುಕ್ಕು ಹಾಕಿ, ಮಡಚಿಟ್ಟಿದ್ದಳು. ಚೀಟಿಯಲ್ಲಿ ಅದೇ ಅಕ್ಷರ, ‘ನಗೋ ಅಕ್ಕ’. ಅವನು ಬರುವ ಮೊದಲೇ ಬರೆದದ್ದಿರಬೇಕು. ಆ ಬ್ಲೌಸ್ ಇನ್ನೂ ಹಾಗೇ ಇದೆ, ತೊಡಲು ಮನಸ್ಸು ಬಂದಿಲ್ಲ.

ಕೆಲಸ ಬಿಟ್ಟಿಲ್ಲ, ಹೊಟ್ಟೆಪಾಡು. ಆದರೆ ಯಾರಾದರೂ ಬೇಡ ಅಂದರೆ ಫೋನು ಚೀಲಕ್ಕೆ ಹಾಕಿಬಿಡುತ್ತೇನೆ. ಹೋದ ತಿಂಗಳು ಸಂತೇಬೆನ್ನೂರಿನ ಸಂತೆಯಲ್ಲಿ, ಅವಳ ಹಳೆಯ ಗಿರಾಕಿಯೊಬ್ಬಳು ನನ್ನನ್ನು ಗುರುತಿಸಿ ಕೈ ಹಿಡಿದುಕೊಂಡಳು.

“ನಿಮ್ ಟೈಲರಮ್ಮನ್ನ ನೋಡ್ದೆ ಕಣ್ರಿ. ನಮ್ ತಂಗಿ ಊರಿಗೆ ಹೋದಾಗ, ಅಲ್ಲಿ—”

“ಊರ ಹೆಸರು ಹೇಳ್ಬ್ಯಾಡ್ರಿ” ಎಂದೆ. “ನನಗೂ ಬ್ಯಾಡ, ಯಾರಿಗೂ ಬ್ಯಾಡ. ಮಗಳು ಜೊತೆಗೈತಾ?”

“ಐತೆ. ಪಕ್ಕದಾಗೆ ಕೂತು ಹುಕ್ಕಿಗೆ ಕಾಜ ಹಾಕ್ತಿತ್ತು.”

“ಅಂಗಡಿಗೆ ಬೋರ್ಡು?”

“ಬೋರ್ಡೆಲ್ಲಿದ್ರೀ, ಹಂಗೇ ಒಂದು ಬಾಗ್ಲು.”

ಸೊಪ್ಪಿನ ಸಾಲಿನ ನಡುವೆ ನಿಂತುಕೊಂಡೇ ಅತ್ತುಬಿಟ್ಟೆ. ಆ ಊರು ಯಾವುದೆಂದು ನನಗೆ ಗೊತ್ತಿಲ್ಲ.