ಗೋಪುರದ ಮೇಲಿನ ಎತ್ತುಗಳು

ನನ್ನ ಗೆಳತಿಯ ಮನೆಯ ಹಾಲ್‌ನಲ್ಲಿ, ಏಸಿಯ ಕೆಳಗೆ, ಒಂದು ಕಪ್ಪು ಬಿಳುಪು ಫೋಟೋ ಇತ್ತು. ಹಳೆಯ ಕಲ್ಲಿನ ಚರ್ಚೊಂದರ ಗೋಪುರ. ತುದಿಯ ಕಂಬಗಳ ಸಂದಿನಿಂದ ಎತ್ತುಗಳು ಕತ್ತು ಚಾಚಿ ಕೆಳಗೆ ನೋಡುತ್ತಿದ್ದವು. ನಾನು ಹತ್ತಿರ ಹೋಗಿ ಮತ್ತೆ ನೋಡಿದೆ. ಎತ್ತುಗಳೇ. ನಮ್ಮ ಬಾಗಲಕೋಟೆ ಕಡೆಯ ಗುಡಿಗಳನ್ನು ಚಿಕ್ಕಂದಿನಿಂದ ನೋಡಿದವಳು ನಾನು; ಧಾರವಾಡದಲ್ಲಿ ಇತಿಹಾಸದ ಎಂ.ಎ. ಓದುವಾಗ ಅವುಗಳ ನಕ್ಷೆ ಬರೆದವಳು. ನಮ್ಮಲ್ಲಿ ಬಸವಣ್ಣ ದೇವರ ಎದುರು ಮಲಗಿರುತ್ತಾನೆ. ಎತ್ತುಗಳು ಹೀಗೆ ಗೋಪುರ ಹತ್ತಿ ಊರು ನೋಡುವುದನ್ನು ನಾನು ಎಲ್ಲೂ ಕಂಡಿರಲಿಲ್ಲ.

"ಆ ಚರ್ಚು ಬೆಟ್ಟದ ಮೇಲಿದೆ. ಕಲ್ಲುಗಳನ್ನೆಲ್ಲ ಇವೇ ಎಳೆದು ತಂದವು," ಎಂದಳು ಆಕೆ. "ಎಂಟುನೂರು ವರ್ಷದ ಹಿಂದಿನ ಮಾತು. ಕೆಲಸ ಮುಗಿದ ಮೇಲೂ ಕಟ್ಟಿದವರು ಇವುಗಳನ್ನು ಮರೆಯಲಿಲ್ಲ ನೋಡು. ನಮ್ಮ ಊರಿನಿಂದ ದೂರವೇನಿಲ್ಲ. ಒಂದು ದಿನ ನಿನ್ನನ್ನು ಕರೆದುಕೊಂಡು ಹೋಗುತ್ತೇನೆ."

ಆಕೆ ಫ್ರಾನ್ಸಿನವಳು. ಕತಾರಿನ ದೋಹಾದ ಒಂದೇ ಶಾಲೆಯಲ್ಲಿ ಆಕೆ ಚಿತ್ರಕಲೆ, ನಾನು ಸಮಾಜ ವಿಜ್ಞಾನ ಕಲಿಸುತ್ತಿದ್ದೆವು. ಸ್ಟಾಫ್ ರೂಮಿನಲ್ಲಿ ನಮ್ಮ ಕುರ್ಚಿಗಳು ಅಕ್ಕಪಕ್ಕ. ಎರಡು ವರ್ಷ, ಹೆಚ್ಚುಕಡಿಮೆ ಪ್ರತಿ ಶುಕ್ರವಾರ, ಅಬು ಹಮೂರ್ ಬಡಾವಣೆಯ ವಿಲ್ಲಾಗಳ ಕಾಂಪೌಂಡಿನಲ್ಲಿದ್ದ ಆಕೆಯ ಮನೆಗೆ ನಾನು ಹೋಗುತ್ತಿದ್ದೆ. ಆಕೆ ನನಗೆ ಫ್ರೆಂಚ್ ಕಲಿಸುತ್ತಿದ್ದಳು. ಪುಸ್ತಕಗಳನ್ನು ಹರವಿಕೊಂಡು ಕಮಾನುಗಳ ಬಗೆ, ಬಣ್ಣದ ಗಾಜಿನ ಕಿಟಕಿಗಳ ಕೆಲಸ ವಿವರಿಸುತ್ತಿದ್ದಳು. ನಾನು ನಮ್ಮ ಗುಡಿಗಳ ಬಗ್ಗೆ ಹೇಳುತ್ತಿದ್ದೆ. ಆಕೆಯ ಇಬ್ಬರು ಚಿಕ್ಕ ಮಕ್ಕಳು ನನ್ನ ಮಡಿಲಲ್ಲೇ ಕೂತಿರುತ್ತಿದ್ದರು. ಮಾತು ಕಡಿಮೆ ಆಡುವ ನನಗೆ ದೋಹಾದಲ್ಲಿ ಗೆಳತಿ ಎಂದು ಇದ್ದವಳು ಆಕೆ ಒಬ್ಬಳೇ.

ಬಿನ್ ಒಮ್ರಾನಿನಲ್ಲಿ ನಾನು ಅಣ್ಣನ ಸಂಸಾರದ ಜೊತೆ ಇದ್ದ ಫ್ಲ್ಯಾಟಿಗೆ ಮಾತ್ರ ಆಕೆ ಯಾವತ್ತೂ ಬಂದಿರಲಿಲ್ಲ. ಗಾಡಿ ನಿಲ್ಲಿಸಲು ಜಾಗವಿಲ್ಲ, ಮಕ್ಕಳಿಗೆ ಸೆಕೆ, ಇನ್ನೊಮ್ಮೆ ಬರುತ್ತೇನೆ ಎನ್ನುತ್ತಿದ್ದಳು. ಅಣ್ಣನ ಹೆಂಡತಿ, ನನ್ನ ವೈನಿ, ಪ್ರತಿ ವಾರ ಏನಾದರೂ ಕಟ್ಟಿ ಕಳಿಸುತ್ತಿದ್ದಳು. ಡಬ್ಬಿ ತೊಳೆದು ವಾಪಸು ಬರುತ್ತಿತ್ತು.

ಬೇಸಿಗೆ ರಜೆಗೆ ತನ್ನ ಜೊತೆ ಊರಿಗೆ ಬಾ, ಎಂದು ಆಕೆ ಕರೆದಾಗ ಅಣ್ಣ ತಕ್ಷಣ ಒಪ್ಪಲಿಲ್ಲ. ಆತ ಕಟ್ಟಡ ಕಂಪನಿಯೊಂದರಲ್ಲಿ ಫೋರ್‌ಮನ್. ಆತನ ಮಾತು ಮೀರಿ ನಾನು ಎಲ್ಲಿಗೂ ಹೋಗುವಂತಿರಲಿಲ್ಲ.

"ಆಕಿ ಗಂಡ ಬರಾಂಗಿಲ್ಲ?"

"ಇಲ್ಲಣ್ಣ, ಅವರಿಗೆ ರಜಾ ಇಲ್ಲ."

"ಮತ್ತ ನಿನ್ನ ಯಾಕ ಕರಕೊಂಡ ಹೊಂಟಾಳ? ಈ ದೇಶದಾಗ ಯಾರೂ ಸುಮ್ನ ಯಾರನ್ನೂ ಎಲ್ಲಿಗೂ ಕರಕೊಂಡ ಹೋಗಾಂಗಿಲ್ಲವಾ."

"ಆಕಿ ನನ್ನ ಗೆಳತಿ. ಟಿಕೆಟ್ ನಂದು ನಾನಽ ತಗೋತೀನಿ. ಆಕಿ ಮ್ಯಾಲ ಭಾರ ಇಲ್ಲ."

"ಹೋಗ್ಲಿ ಬಿಡ್ರೀ," ಎಂದು ವೈನಿ ಅಡುಗೆಮನೆಯಿಂದ ಕೂಗಿದಳು. ನಾನು ಟೀಚರ್ ಆದಾಗಿನಿಂದ ಆಕೆ ನನ್ನನ್ನು, ನಮ್ಮ ಕಡೆ ಶಾಲೆಯ ಟೀಚರಿಗೆ ಅನ್ನುವಂತೆ, ಅಕ್ಕೋರು ಎಂದೇ ಚೇಷ್ಟೆ ಮಾಡುವುದು. "ಅಕ್ಕೋರು ಎತ್ತು ನೋಡಾಕ ಪ್ಯಾರಿಸ್‌ಗೆ ಹೊಂಟಾರ. ನಮ್ಮ ಮಾವ್ನೋರ ದನದ ಹಕ್ಕ್ಯಾಗ ಎತ್ತು ಇರ್ಲಿಲ್ಲೇನ!"

ಅಣ್ಣ ನಕ್ಕ. "ಯಲ್ಲಾ," ಎಂದ, ಸೈಟಿನಲ್ಲಿ ಕಲಿತ ಅರಬ್ಬಿಯಲ್ಲಿ. "ಹೋಗಿ ಬಾ. ಆಕಿ ಗೆಳತಿ ಅಂತ ನೀ ಹೇಳ್ತಿ, ನಿನ್ನ ಮಾತಿನ ಮ್ಯಾಲ ಕಳಸ್ತೀನಿ ಅಷ್ಟ."

ಗೆಳತಿಯ ತಾಯಿಗೆಂದು ವೈನಿ ಒಂದು ಬಾಟಲಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕೊಟ್ಟಳು.

ವಿಮಾನದಲ್ಲಿ ಚಿಕ್ಕ ಮಗು ನನ್ನ ತೊಡೆಯ ಮೇಲೆ ಮಲಗಿತ್ತು, ದೊಡ್ಡದು ಪಕ್ಕದಲ್ಲಿ. ಆಕೆ ಎರಡು ಸಾಲು ಮುಂದೆ ಕೂತು ಪುಸ್ತಕ ಓದಿದಳು. ಆಕೆಗೆ ವರ್ಷವೆಲ್ಲ ಮಕ್ಕಳದ್ದೇ ಕೆಲಸ, ಸ್ವಲ್ಪ ಬಿಡುವಾಗಲಿ ಅಂದುಕೊಂಡೆ.

ಪ್ಯಾರಿಸ್ಸಿನಿಂದ ಉತ್ತರಕ್ಕೆ, ಪಿಕಾರ್ದಿ ಎಂಬ ಬಯಲುಸೀಮೆಯ ಹಳ್ಳಿ ಅದು. ನಮ್ಮ ಕಡೆಯ ಎರೆಹೊಲದ ಹಾಗೆ ಕಣ್ಣು ಹೋದಷ್ಟು ಚಪ್ಪಟೆ. ಆದರೆ ಎಲ್ಲ ಕಡೆ ಗೋಧಿ, ಬೀಟ್ ಗಡ್ಡೆ, ಬದುವಿನಲ್ಲಿ ಕೆಂಪು ಗಸಗಸೆ ಹೂ. ಕೆಂಪು ಇಟ್ಟಿಗೆಯ ದನದ ಕೊಟ್ಟಿಗೆಗಳು. ಹಳ್ಳಿಯ ಚರ್ಚಿನ ಗೋಡೆ ಕೋಟೆಯ ಹಾಗೆ ದಪ್ಪ; ದಂಡು ಬಂದಾಗ ಊರವರು ದನಕರುಗಳ ಸಮೇತ ಅದರೊಳಗೆ ಅವಿತುಕೊಳ್ಳುತ್ತಿದ್ದರಂತೆ. ರಾತ್ರಿ ಊಟ ಮುಗಿದು ಎಷ್ಟೋ ಹೊತ್ತಾದರೂ ಬಿಸಿಲು ಇರುತ್ತಿತ್ತು. ನನಗೆ ಕೊಟ್ಟ ಕೋಣೆ ಅಟ್ಟದ ಮೇಲೆ, ಮಕ್ಕಳ ಕೋಣೆಯ ಪಕ್ಕದಲ್ಲಿ. ಅದರ ಕಿಟಕಿಯಿಂದ, ಮೋಡವಿಲ್ಲದಿದ್ದರೆ, ಬಯಲಿನ ಆಚೆ ಒಂಟಿ ಬೆಟ್ಟವೂ ಅದರ ಮೇಲೆ ಚರ್ಚಿನ ಗೋಪುರಗಳೂ ಕಾಣುತ್ತಿದ್ದವು. ಬೆಳಿಗ್ಗೆ ಎದ್ದ ಕೂಡಲೇ ನಾನು ಅದನ್ನು ನೋಡುತ್ತಿದ್ದೆ.

ಮೊದಲ ದಿನ ಊಟವಾದ ಮೇಲೆ ನಾನು ಎದ್ದು ತಟ್ಟೆಗಳನ್ನು ತೆಗೆದೆ. ನಮ್ಮಲ್ಲಿ ಯಾರ ಮನೆಗೆ ಹೋದರೂ ಹೆಣ್ಣುಮಕ್ಕಳು ಒಳಗೆ ಹೋಗಿ ಕೈ ಹಚ್ಚುತ್ತಾರೆ. ಮನೆಯವರು ಬೇಡ ಬೇಡ ಎನ್ನುತ್ತಾರೆ. ಆದರೂ ಕೈ ಹಚ್ಚುತ್ತೇವೆ. ಹಾಗೆ ಮಾಡದಿದ್ದರೆ ಪರಕೀಯರು ಎಂದಾಗುತ್ತದೆ. ಇಲ್ಲಿ ಯಾರೂ ಬೇಡ ಎನ್ನಲಿಲ್ಲ. ಗೆಳತಿಯ ತಾಯಿ ಪಾತ್ರೆ ಒರೆಸುವ ಬಟ್ಟೆ ಎಲ್ಲಿದೆ ಎಂದು ತೋರಿಸಿ, ನನ್ನ ಕೆನ್ನೆ ತಟ್ಟಿದಳು. ನನ್ನನ್ನು ಮನೆಯವಳೆಂದು ಬಗೆದರು ಎಂದು ನನಗೆ ಸಂತೋಷವಾಯಿತು. ನಾನು ಮಾಂಸ ತಿನ್ನುವುದಿಲ್ಲವೆಂದು ಫ್ರಿಜ್‌ನಲ್ಲಿ ನನಗಾಗಿ ಒಂದು ಹಲಗೆ ಬೇರೆ ಮಾಡಿದ್ದರು. ಶೇಂಗಾ ಹಿಂಡಿಯನ್ನೂ ಅಲ್ಲೇ ಇಟ್ಟಿದ್ದರು. ಅದೂ ಅಕ್ಕರೆಯೇ ಅಂದುಕೊಂಡೆ.

ಪಾಳುಬಿದ್ದ ಮಠವೊಂದನ್ನು ನೋಡಲು ಹೋದಾಗ ಚಿಕ್ಕ ಮಗು ಕಾರಿನಲ್ಲಿ ನಿದ್ದೆಹೋಗಿತ್ತು. "ನೀನು ಎರಡು ನಿಮಿಷ ಇರ್ತೀಯಾ?" ಎಂದು ಆಕೆ ತನ್ನ ಚಿಕ್ಕಪ್ಪನ ಮಗಳೊಂದಿಗೆ ಒಳಗೆ ಹೋದಳು. ಕಾರಿನ ಕಿಟಕಿಯಿಂದ ನನಗೆ ಕಂಡದ್ದು ಚಾವಣಿಯಿಲ್ಲದ ಕಮಾನುಗಳ ಒಂದು ತುದಿ, ಅದರ ಮೇಲೆ ಕಾಗೆ. ಅವರು ಬಂದಾಗ ಬಾಗಿಲು ಹಾಕುವ ಹೊತ್ತಾಗಿತ್ತು. ಇನ್ನೊಂದು ದಿನ ಹಳೆಯ ಪೇಟೆಯ ಗಂಟೆಗೋಪುರ. ದೊಡ್ಡ ಮಗುವಿಗೆ ಮೆಟ್ಟಿಲು ಹತ್ತಲು ಹೆದರಿಕೆ. ನಾನು ಅವನ ಜೊತೆ ಕೆಳಗೆ ನಿಂತೆ. ಬೆಟ್ಟದ ಚರ್ಚು ಮಾತ್ರ ಹಾಗಾಗುವುದಿಲ್ಲ, ಅದು ನಮ್ಮಿಬ್ಬರದು ಎಂದು ನಂಬಿದ್ದೆ.

ವಾಪಸು ಹೊರಡಲು ಕೆಲವೇ ದಿನ ಉಳಿದಿದ್ದವು. ಒಂದು ಬೆಳಿಗ್ಗೆ ಆಕೆಯ ಕಾಲೇಜಿನ ಸ್ನೇಹಿತರು ಬಂದರು. ಎಲ್ಲರೂ ಬೆಟ್ಟಕ್ಕೆ ಹೊರಟರು. ನಾನು ಕ್ಯಾಮೆರಾ ಹಿಡಿದು ಮೆಟ್ಟಿಲಿಳಿದು ಬಂದೆ.

"ಅಯ್ಯೋ, ಕಾರಿನಲ್ಲಿ ಜಾಗವಿಲ್ಲವಲ್ಲ," ಎಂದಳು. "ಮಕ್ಕಳಿಗೂ ಅಲ್ಲಿ ಬೇಜಾರು. ನೀನು ಇವರ ಜೊತೆ ಇರು, ಹಾಂ? ನಾನು ನಿನಗೆ ಪೋಸ್ಟ್‌ಕಾರ್ಡ್ ತರ್ತೀನಿ."

ಕಾರು ಹೋಯಿತು. ನಾನು ಅಂಗಳದ ಬೆಂಚಿನ ಮೇಲೆ ಆಕೆಯ ತಾಯಿಯ ಪಕ್ಕದಲ್ಲಿ ಕೂತು ಬಟಾಣಿ ಬಿಡಿಸತೊಡಗಿದೆ. ಮುದುಕಿ ನನಗೆ ತಿಳಿಯಲೆಂದು ನಿಧಾನವಾಗಿ ಮಾತಾಡುತ್ತಿದ್ದಳು.

"ಮಕ್ಕಳು ನಿನ್ನನ್ನು ಬಹಳ ಹಚ್ಚಿಕೊಂಡಿವೆ. ಹೋದ ವರ್ಷ ಬಂದಿದ್ದಳಲ್ಲ ಶ್ರೀಲಂಕಾದವಳು, ಪಾಪ, ಬರೀ ಅಳುತ್ತಿದ್ದಳು. ಈ ಸಲ ಓದಿದ ಹುಡುಗಿ ಸಿಕ್ಕಿದ್ದಾಳೆ, ಫ್ರೆಂಚೂ ಬರುತ್ತದೆ, ಅಂತ ನನ್ನ ಮಗಳು ಈಸ್ಟರ್ ಹಬ್ಬದಲ್ಲೇ ಫೋನಿನಲ್ಲಿ ಹೇಳಿದ್ದಳು. ಮುಂದಿನ ವರ್ಷವೂ ನಿನ್ನನ್ನೇ ಇಟ್ಟುಕೋ ಅಂತೀನಿ."

ನನ್ನ ಫ್ರೆಂಚ್ ಅಷ್ಟಕ್ಕೆ ಸಾಕಿತ್ತು. ಅದನ್ನು ಕಲಿಸಿದವಳು ನನ್ನ ಗೆಳತಿಯೇ.

ನಾನು ಮಾತುಗಳನ್ನು ಜೋಡಿಸಿಕೊಂಡು ಹೇಳಿದೆ: "ನಾನು ಅವಳ ಶಾಲೆಯಲ್ಲಿ ಟೀಚರ್. ಅವಳ ಗೆಳತಿ. ನಾನೇ ಟಿಕೆಟ್ ತೆಗೆಸಿ ಬಂದಿದ್ದೇನೆ."

ಮುದುಕಿಯ ಕೈ ನಿಂತಿತು. ನನ್ನ ಮುಖ ನೋಡಿದಳು, ಆಮೇಲೆ ನನ್ನ ಮಡಿಲಲ್ಲಿದ್ದ ಬಟಾಣಿ ಬುಟ್ಟಿಯನ್ನು ನೋಡಿದಳು. ಅದನ್ನು ತನ್ನ ಕಡೆಗೆ ಎಳೆದುಕೊಂಡಳು.

ಸಂಜೆ ಗೆಳತಿ ಪೋಸ್ಟ್‌ಕಾರ್ಡ್ ಹಿಡಿದು ಬಂದಳು. ಅದರಲ್ಲಿ ಎತ್ತುಗಳಿದ್ದವು. ನಾನು ಕೇಳಿದೆ, "ನಾನು ಯಾರು ಅಂತ ನಿನ್ನ ಅಮ್ಮನಿಗೆ ಹೇಳಿದ್ದೆ?"

ಆಕೆಗೆ ನಾಚಿಕೆಯಾಗಲಿಲ್ಲ. ಅದನ್ನು ನಾನು ಮರೆತಿಲ್ಲ. "ಓ, ಅದಾ! ಅಮ್ಮನಿಗೆ ಅರ್ಥವಾಗುವ ಹಾಗೆ ಏನೋ ಹೇಳಬೇಕಿತ್ತು. ಗಲ್ಫ್ ಅಂದರೆ ಅವಳಿಗೆ ಒಂಟೆ, ಎಣ್ಣೆ, ಕೆಲಸದವರು, ಅಷ್ಟೇ. ಬೇರೆ ಏನಾದರೂ ಹೇಳಿದ್ದರೆ ನೂರು ಪ್ರಶ್ನೆ."

"ಮತ್ತೆ ಮಕ್ಕಳು? ಪಾತ್ರೆ?"

"ಅದನ್ನು ನಾನು ಒಂದು ಸಲವಾದರೂ ಹೇಳಿದೆನಾ? ನೀನೇ ಎದ್ದು ಮಾಡಿದೆ. ನಿನಗೆ ಅದು ಇಷ್ಟ ಅಂದುಕೊಂಡೆ."

ಅದು ನಿಜವೇ ಆಗಿತ್ತು. ಆಕೆ ಒಂದು ಸಲವೂ ಹೇಳಿರಲಿಲ್ಲ. ಒಂದು ಕ್ಷಣ ತಪ್ಪು ನನ್ನದೇ ಅನ್ನಿಸಿತು. ಆದರೆ ರಾತ್ರಿ ಮಲಗುವ ಮುನ್ನ ಎಲ್ಲವನ್ನೂ ಅನುಕ್ರಮವಾಗಿ ನೆನೆದೆ. ನಾನು ಮೊದಲ ತಟ್ಟೆ ತೊಳೆದದ್ದು ಜುಲೈಯಲ್ಲಿ. ಆಕೆ ತಾಯಿಗೆ ಫೋನ್ ಮಾಡಿದ್ದು ಏಪ್ರಿಲ್ ಹೊತ್ತಿಗೆ, ಈಸ್ಟರ್‌ನಲ್ಲಿ. ನನ್ನನ್ನು ಊರಿಗೆ ಕರೆದದ್ದು ಅದರ ನಂತರ. ಅಣ್ಣನ ಎದುರು ನಾನು ಗೆಳತಿ ಗೆಳತಿ ಎಂದು ವಾದಿಸುವಾಗ ಆಕೆಯ ಊರಿನಲ್ಲಿ ನಾನು ಆಗಲೇ ಕೆಲಸದವಳಾಗಿದ್ದೆ.

ಮರುದಿನ ಬೆಳಿಗ್ಗೆ ನನ್ನ ಜಾಗದಲ್ಲಿ ಬೇರೆ ಕಾಫಿ ಕಪ್, ಅತಿಥಿಗಳಿಗೆ ತೆಗೆಯುವ ನೀಲಿ ಅಂಚಿನದು, ಇತ್ತು. ನಾನು ತಟ್ಟೆ ಎತ್ತಲು ಹೋದರೆ ತಾಯಿ ಕೈಯಿಂದ ಕಿತ್ತುಕೊಂಡಳು. ನಾನು ಬೆಟ್ಟಕ್ಕೆ ಹೋಗಿ ಬರುತ್ತೇನೆ ಎಂದು ಎಲ್ಲರ ಎದುರು ಹೇಳಿದೆ. ಗೆಳತಿ, "ಇವತ್ತಾ? ಮಕ್ಕಳನ್ನು ಯಾರು..." ಎಂದು ಅರ್ಧಕ್ಕೆ ನಿಲ್ಲಿಸಿದಳು. ತಾಯಿಯೇ ತನ್ನ ಪುಟ್ಟ ಕಾರಿನಲ್ಲಿ ನನ್ನನ್ನು ಬಸ್ಸಿನವರೆಗೆ ಬಿಟ್ಟಳು.

ಬೆಟ್ಟವನ್ನು ಮೆಟ್ಟಿಲುಗಳಿಂದ ಹತ್ತಿದೆ. ಚೌಕಕ್ಕೆ ಬಂದು ತಲೆ ಎತ್ತಿದರೆ, ಎತ್ತುಗಳು ಅಲ್ಲೇ ಇದ್ದವು. ಫೋಟೋದಲ್ಲಿ ಕಂಡದ್ದಕ್ಕಿಂತ ದೊಡ್ಡವು; ಗಾಳಿ ಮಳೆಗೆ ಮೂತಿ ಸವೆದಿತ್ತು, ಕೊಂಬಿನ ಬುಡದಲ್ಲಿ ಪಾರಿವಾಳ ಕೂತಿದ್ದವು. ಒಳಗೆ ಹೋದೆ. ಬಿಳಿ ಕಲ್ಲಿನ ಕಂಬಗಳು ಸಾಲಾಗಿ ಮೇಲೇರಿದ್ದವು, ಕೊನೆಯಲ್ಲಿ ದುಂಡನೆಯ ಕಿಟಕಿಯ ಬಣ್ಣ. ನಾನು ಕಂಡ ಕಟ್ಟಡಗಳಲ್ಲಿ ಅದಕ್ಕಿಂತ ಚೆಲುವಾದದ್ದು ಕಡಿಮೆ. ಆದರೆ ಯಾವುದನ್ನು ನೋಡಿದರೂ ಆಕೆಯ ದನಿ ಕೇಳುತ್ತಿತ್ತು. ಈ ಕಮಾನು ಹೀಗೆ, ಆ ಗಾಜು ಹಾಗೆ. ಆ ಚರ್ಚಿನ ಬಗ್ಗೆ ನನಗೆ ಗೊತ್ತಿದ್ದುದೆಲ್ಲ ಆಕೆಯಿಂದ ಬಂದದ್ದು. ನನ್ನದು ಎನ್ನುವಂಥ ಒಂದು ನೋಟಕ್ಕಾಗಿ ಬಹಳ ಹೊತ್ತು ಕೂತೆ. ಸಿಗಲಿಲ್ಲ. ಹೊರಗೆ ಬಂದು ಎತ್ತುಗಳ ಫೋಟೋ ತೆಗೆದು ಬಸ್ಸು ಹಿಡಿದೆ.

ದೋಹಾದಲ್ಲಿ ಶಾಲೆ ಮತ್ತೆ ಶುರುವಾಯಿತು. ಕುರ್ಚಿಗಳು ಮೊದಲಿನಂತೆ ಅಕ್ಕಪಕ್ಕ. "ಶುಕ್ರವಾರ ಬರ್ತೀಯಲ್ಲ? ಮಕ್ಕಳು ಕೇಳ್ತಿವೆ," ಎಂದಳು ಆಕೆ, ಏನೂ ಆಗಿಲ್ಲವೆಂಬಂತೆ. ಅಣ್ಣನಿಗೆ ನನ್ನನ್ನು ತಂದು ಬಿಡಲು ಪುರುಸೊತ್ತಿಲ್ಲ ಎಂದೆ.

ಬಿನ್ ಒಮ್ರಾನಿನ ಸ್ಟುಡಿಯೋದಿಂದ ಅಣ್ಣ ಫೋಟೋಗಳನ್ನು ತೊಳೆಸಿ ತಂದ. ವೈನಿ ಊಟದ ಮೇಜಿನ ಮೇಲೆ ಹರಡಿದಳು.

"ಅಯ್ಯ, ಎತ್ತು ನೋಡ್ರೀ ಇಲ್ಲೆ! ಹ್ಯಾಂಗ ಇಣಕಿ ನೋಡ್ತಾವ!"

"ಅಲ್ಲ, ಅಷ್ಟ ಮ್ಯಾಲ ನಿಂದರ್ಸಿ," ಎಂದ ಅಣ್ಣ, "ಮೇವು ಯಾರು ಹಾಕಬೇಕ?"

ವೈನಿ ನಕ್ಕು ನಕ್ಕು ಫೋಟೋಗಳನ್ನು ಮತ್ತೊಮ್ಮೆ ತಿರುವಿದಳು. "ಅಕ್ಕೋರ, ನಿಮ್ಮ ಗೆಳತಿ ಎಲ್ಲೆ? ಒಂದರಾಗೂ ಇಲ್ಲಲ್ಲ?"

ಅಣ್ಣ ನನ್ನ ಮುಖ ನೋಡಿದ.

"ಫೋಟೋ ತಗದಾಕಿನ ಆಕಿ," ಎಂದೆ.

"ಚಲೋ ತಗದಾಳ," ಎಂದ ಅಣ್ಣ. "ನಾ ಸುಮ್ನ ಸಂಶೇ ಪಟ್ಟೆ ನೋಡು. ಒಮ್ಮೆ ಊಟಕ್ಕ ಕರಿ ಆಕಿನ್ನ. ನಾನಽ ಗಾಡಿ ತಗೊಂಡ ಹೋಗಿ ಕರಕೊಂಡ ಬರ್ತೀನಿ."

ಕರೀತೀನಿ ಎಂದೆ. ವೈನಿ ಎತ್ತುಗಳ ಫೋಟೋವನ್ನು ಶೋಕೇಸಿನ ಗಾಜಿಗೆ ಸಿಕ್ಕಿಸಿದಳು. ಅದು ಈಗಲೂ ಅಲ್ಲೇ ಇದೆ. ಮನೆಗೆ ಬಂದವರಿಗೆಲ್ಲ, ಇದು ನಮ್ಮ ಅಕ್ಕೋರ ಫ್ರೆಂಚ್ ಗೆಳತಿ ತಗದದ್ದು, ಎಂದು ತೋರಿಸುತ್ತಾಳೆ.