ನಲ್ಲಿ ಮುಂದಿನ ರಹಸ್ಯ ಮತದಾನ

ತೊಂಬತ್ತರ ದಶಕದ ಚಾಮರಾಜಪೇಟೆ. ನಮ್ಮ ವಠಾರದಲ್ಲಿ ಎಂಟು ಮನೆ, ಒಂದೇ ನಲ್ಲಿ. ಕಾವೇರಿ ನೀರು ದಿನ ಬಿಟ್ಟು ದಿನ ಬೆಳಗಿನ ಜಾವ ಬರ್ತಿತ್ತು, ಅದೂ ದಾರದಷ್ಟು ಸಣ್ಣಗೆ. ಯಾರು ಮೊದ್ಲು ಹಿಡೀಬೇಕು ಅಂತ ಪ್ರತಿ ತಿಂಗಳು ಚೀಟಿ ಎತ್ತೋರು. ಕೊನೇ ಪಾಳಿ ಬಂದವರಿಗೆ ಬಿಸಿಲೇರಿದ ಮೇಲೇನೇ ನೀರು.

ಹಿಂದಿನ ಮನೇಲಿ ಒಬ್ರು ನರ್ಸ್ ಇದ್ರು, ಮಂಡಿ ಹಿಡ್ಕೊಂಡು ಕೊಡ ಎತ್ತೋಕಾಗದ ತಾಯಿ ಜೊತೆ. ಎಲ್ರೂ ಸಿಸ್ಟರ್ ಅಂತಾನೇ ಕರೆಯೋದು. ನೀರು ತುಂಬ್ಸಿಟ್ಟು ಏಳಕ್ಕೆ ಡ್ಯೂಟೀಲಿ ಇರ್ಬೇಕು. ಲೇಟಾಗಿ ಲೇಟಾಗಿ, ಇನ್ನೊಂದ್ಸಲ ಆದ್ರೆ ಬರೋದೇ ಬೇಡ ಅಂದಿದ್ರಂತೆ ಆಸ್ಪತ್ರೇಲಿ. ಆ ತಿಂಗಳೇ ಚೀಟೀಲಿ ಕೊನೇ ಪಾಳಿ ಬಂತು. "ಇನ್ಮೇಲೆ ಮೊದಲ್ನೇ ಪಾಳಿ ನಂಗೆ ಬಿಟ್ಕೊಡ್ತೀರಾ?" ಅಂತ ಅಂಗಳದಲ್ಲಿ ನಿಂತು ಕೇಳೇಬಿಟ್ರು.

ಎದುರು ಮನೆ ಮೇಷ್ಟ್ರು ಶೇಷಾದ್ರಿಪುರಂ ಕಡೆ ಕಾಲೇಜಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿ ರಿಟೈರ್ ಆದವರು. "ಓಟಿಗೆ ಹಾಕೋಣ" ಅಂದ್ರು. "ರಹಸ್ಯ ಮತದಾನ."

ನಮ್ಮಮ್ಮ ಅಂದ್ಲು, "ಯಾಕ್ ಮೇಷ್ಟ್ರೇ ಅಷ್ಟೆಲ್ಲಾ? ಕೈ ಎತ್ತಿಸ್ಬಿಡಿ, ಮುಗೀತು."

"ಹಾಗಲ್ಲಮ್ಮ. ಗ್ರೀಕರು ಓಟು ಹಾಕಿಯೇ ಒಬ್ಬ ಜ್ಞಾನಿಗೆ ವಿಷ ಕುಡಿಸಿದ್ರು. ಬಹುಮತಕ್ಕೆ ಕಣ್ಣಿಲ್ಲ ಅಂತ ಓದಿದವರು ಅವತ್ತಿಂದ ಬೈತಾನೇ ಇದಾರೆ. ಇಂಗ್ಲೆಂಡಲ್ಲಿ ಒಬ್ಬ ದೊಡ್ಡ ಪಂಡಿತ, ಓಟು ಊರಿನ ಕೆಲಸ, ಎಲ್ರೆದುರೇ ಹಾಕ್ಬೇಕು ಅಂತ ವಾದ ಮಾಡಿದ್ದ. ಎರಡೂ ತಪ್ಪು! ಯಾರ ಭಯಾನೂ ಇಲ್ಲದಿದ್ರೆ ಮನುಷ್ಯ ನ್ಯಾಯಾನೇ ನೋಡ್ತಾನೆ."

ಮೇಷ್ಟ್ರ ಹೆಂಡ್ತಿ ಹೂ ಕಟ್ತಾ, "ಮೊದ್ಲು ಬಿಸ್ಕತ್ ಡಬ್ಬಿ ಖಾಲಿ ಮಾಡ್ಕೊಡ್ತೀನಿ ಇರಿ, ನಿಮ್ಮ ನ್ಯಾಯಕ್ಕೆ" ಅಂದ್ರು.

ಮನೆಗೊಂದು ಓಟು. ಸಿಸ್ಟರ್ ತಾವೇ ಹಾಕಲ್ಲ ಅಂದ್ರು. ಮೇಷ್ಟ್ರು ಡಬ್ಬಿ ಬಗ್ಗಿಸಿ ಎಣಿಸಿದ್ರು. ಇನ್ನೊಂದ್ಸಲ ಎಣಿಸಿದ್ರು. ಏಳು ಚೀಟೀಲಿ 'ಹೌದು' ಅಂತ ಇದ್ದದ್ದು ಎರಡು. ಒಂದು ಮೇಷ್ಟ್ರದ್ದು, ಒಂದು ನಮ್ದು.

ಸಿಸ್ಟರ್ ಸೆರಗು ಸರಿಮಾಡ್ಕೊಂಡ್ರು. ಆಗ ನೋಡಿ ತಮಾಷೆ. "ಅಯ್ಯೋ ಸಿಸ್ಟರ್, ನಾನಂತೂ ನಿಮಗೇ ಹಾಕಿದ್ದು," ಅಂದ್ರು ಬತ್ತಿದ ಬಾವಿ ಪಕ್ಕದ ಮನೆಯವರು. "ನಮ್ಮನೆಯವರೂ ಅಷ್ಟೇ, ದೇವರಾಣೆ," ಅಂದ್ರು ಮಹಡಿಯವರು. ಒಬ್ಬೊಬ್ಬರಾಗಿ ಎಲ್ರೂ ಹಾಕಿದವರೇ!

ಮೇಷ್ಟ್ರ ಹೆಂಡ್ತಿ ಹೂವಿನ ಬುಟ್ಟಿ ಕೆಳಗಿಟ್ರು. "ಎಲ್ರೂ ಹೌದು ಅಂದಿದೀರಲ್ಲ, ಇನ್ನೇನು? ಸಿಸ್ಟರ್, ನಾಳೆಯಿಂದ ನಿಮ್ಮ ಕೊಡ ಮೊದ್ಲು ಇಡಿ."

"ಲೇ, ಓಟಲ್ಲಿ ಸೋತಿದೆ ಕಣೇ!"

"ಅದು ಡಬ್ಬೀಲಿ ರೀ. ಅಂಗಳದಲ್ಲಿ ಗೆದ್ದಿದೆ. ಯಾರಾದ್ರೂ ಬೇಡ ಅನ್ನೋರಿದ್ರೆ ಸಿಸ್ಟರ್ ಮುಖ ನೋಡಿ ಈಗ್ಲೇ ಹೇಳ್ಲಿ."

ಯಾರು ಹೇಳ್ತಾರೆ? ಮಹಡಿಯವರಿಗೆ ಒಲೆ ಮೇಲೆ ಹಾಲು ನೆನಪಾಯ್ತು. ಬಾವಿ ಪಕ್ಕದವರು ಕೆಮ್ಮಿದ್ರು.

ಮಾರನೇ ದಿನ ನಲ್ಲಿ ಕೆಳಗೆ ಸಿಸ್ಟರ್ ಕೊಡ. ಹಿಂದೆ ಸಾಲಾಗಿ ಅವರಿಗೆ ಬೇಡ ಅಂತ ಓಟು ಹಾಕಿದ ಕೊಡಗಳು. ಕತ್ತಲು ಹರಿಯೋದ್ರೊಳಗೆ ಅವರು ನೀರು ತುಂಬ್ಸಿಟ್ಟು, ಜಡೆ ಹೆಣ್ಕೊಂಡು, ಬಸ್ಸಿಗೆ ಹೋದ್ರು. ಕೆಲಸ ಉಳೀತು.

ಮೇಷ್ಟ್ರು ಮಾತ್ರ ಸಾಲಲ್ಲಿ ನಿಂತು ಗೊಣಗ್ತಿದ್ರು, "ಆ ಇಂಗ್ಲೆಂಡಿನವನನ್ನ ಇನ್ನೊಂದ್ಸಲ ಓದ್ಬೇಕು."

"ಆಮೇಲೆ ಓದೀರಂತೆ," ಅಂದ್ರು ಹೆಂಡ್ತಿ. "ಮೊದ್ಲು ಕೊಡ ಮುಂದಕ್ಕೆ ತಳ್ಳಿ."