ನಾರ್ಬರ್ಟನ ಡೈ, ಹಾರ್ಲನ್ನನ ರಿಪೇರಿ

ಹಾರ್ಲನ್ ಕೂನ್ಸ್‌ಗೆ ತನ್ನ ಬಗ್ಗೆ ಇದ್ದದ್ದು ಒಂದೇ ಕೊರಗು. ತಾನು ಯಾವತ್ತೂ ತಪ್ಪು ಮಾಡುವವನಲ್ಲವಾದ್ದರಿಂದ, ಪಾಪ, ಊರಿನವರ ತಪ್ಪು ತಿದ್ದುವುದರಲ್ಲೇ ಆಯುಷ್ಯ ಕಳೆದುಹೋಯಿತು ಎನ್ನುವುದು.

ಪೆನ್ಸಿಲ್ವೇನಿಯಾದ ಒಂದು ಕಣಿವೆಯ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಲೋಹ ಕಡೆಯುವ ಲೇತ್ ಮುಂದೆ ನಿಂತು ನಿವೃತ್ತನಾದ ಮೇಲೆ ಅವನು ಗ್ಯಾರೇಜಿನಲ್ಲಿದ್ದ ಕಾರನ್ನು ಮಳೆಗೂ ಹಿಮಕ್ಕೂ ಬಿಟ್ಟು, ಆ ಜಾಗದಲ್ಲಿ ಒಂದು ಹಳೆಯ ಲೇತ್ ತಂದು ಕೂರಿಸಿದ. ಅಂದಿನಿಂದ ಅವನ ಕೆಲಸ ಒಂದೇ. ಅಜ್ಜಂದಿರು ಮನೆಯಲ್ಲೇ ಸೀಸದ ಗುಂಡು ಎರೆಯುತ್ತಿದ್ದ ಕಾಲದ ಸಾಮಾನುಗಳಿಗೆ ಮರುಜೀವ ಕೊಡುವುದು. ತುಕ್ಕು ಹಿಡಿದ ಅಚ್ಚುಗಳು ಬರುತ್ತಿದ್ದವು. ಹಿಡಿ ಮುರಿದ ಕೈ ಪ್ರೆಸ್ಸುಗಳೂ ಬರುತ್ತಿದ್ದವು; ಅಚ್ಚಿನಿಂದ ಬಿದ್ದ ಗುಂಡನ್ನು ಡೈ ಎಂಬ ಉಕ್ಕಿನ ತೂತಿನೊಳಗೆ ಒತ್ತಿ, ಮೇಣ ಹಚ್ಚಿ, ಎಲ್ಲವನ್ನೂ ಒಂದೇ ಅಳತೆಗೆ ತರುವ ಯಂತ್ರ ಅದು. ಹಾರ್ಲನ್ ಅವುಗಳನ್ನು ವಾರಗಟ್ಟಲೆ ಎಣ್ಣೆಯಲ್ಲಿ ನೆನೆಸುತ್ತಿದ್ದ, ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜುತ್ತಿದ್ದ, ಸಿಗದ ಭಾಗವನ್ನು ತಾನೇ ಲೇತಿನಲ್ಲಿ ಕಡೆದು ಮಾಡುತ್ತಿದ್ದ. ಕೆಲಸ ಚಿನ್ನದಂಥದ್ದು. ಅದರ ಜೊತೆಗೆ ಉಚಿತವಾಗಿ ಒಂದು ಉಪದೇಶವನ್ನೂ ಕೊಡುತ್ತಿದ್ದ.

“ಮೊದ್ಲು ಬಂದೂಕಿನ ನಳಿಗೆ ಅಳೆ, ಆಮೇಲೆ ಡೈ ಮುಟ್ಟು. ಪುಸ್ತಕದಲ್ಲಿರೋ ಅಳತೆ ಪುಸ್ತಕಕ್ಕೆ ಸರಿಹೋಗುತ್ತೆ, ನಿನ್ನ ಬಂದೂಕಿಗಲ್ಲ.”

ನಳಿಗೆ ಅಳೆಯುವುದು ಕಷ್ಟವೇನಲ್ಲ. ಮೆತ್ತನೆಯ ಸೀಸದ ಉಂಡೆಯೊಂದನ್ನು ಮರದ ಕಡ್ಡಿಯಿಂದ ನಳಿಗೆಯ ಈ ತುದಿಯಿಂದ ಆ ತುದಿಗೆ ತಳ್ಳಿ, ಹೊರಬಿದ್ದದ್ದನ್ನು ಅಳೆದರಾಯಿತು. ಹಾಗೆ ಅಳೆಯದೆ ಬಂದವರನ್ನು ಹಾರ್ಲನ್ ಬಾಗಿಲಲ್ಲೇ ನಿಲ್ಲಿಸಿ ನೀರಿಳಿಸುತ್ತಿದ್ದ. ಒಮ್ಮೆ ಪಾದ್ರಿಯನ್ನೇ ಹಾಗೆ ವಾಪಸ್ಸು ಕಳಿಸಿದ್ದ.

ಜುಲೈ ತಿಂಗಳ ಒಂದು ಬೆಳಿಗ್ಗೆ ವರ್ಡಾ ಸ್ವಾರ್ಟ್ಸ್ ಒಂದು ತಗಡಿನ ತೊಟ್ಟಿ ಹಿಡಿದು ಬಂದಳು. ಅವಳ ಗಂಡ ನಾರ್ಬರ್ಟ್ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಹಾರ್ಲನ್ನನಿಗೂ ನಾರ್ಬರ್ಟನಿಗೂ ಒಂಬತ್ತು ವರ್ಷದಿಂದ ಮಾತಿರಲಿಲ್ಲ. ಗುಂಡಿಗೆ ಹಚ್ಚುವ ಜೇನುಮೇಣಕ್ಕೆ ಕುರಿಯ ಕೊಬ್ಬು ಬೆರೆಸಬೇಕೋ ಹಂದಿಯ ಕೊಬ್ಬೋ ಎಂಬ ಘನವಾದ ವಿಷಯಕ್ಕೆ ಇಬ್ಬರೂ ಜಗಳವಾಡಿ, ಆಮೇಲೆ ಪ್ರತಿ ಶನಿವಾರ ಊರಿನ ಶೂಟಿಂಗ್ ಕ್ಲಬ್ಬಿನಲ್ಲಿ ಅಕ್ಕಪಕ್ಕದ ಬೆಂಚಿನಲ್ಲಿ ಕೂತು, ಒಬ್ಬರನ್ನೊಬ್ಬರು ನೋಡದೆ ಗುಂಡು ಹಾರಿಸುತ್ತಿದ್ದರು.

“ಸೆಪ್ಟೆಂಬರ್ ಪಂದ್ಯಕ್ಕೆ ಹೆಸರು ಕೊಟ್ಟಿದೀನಿ,” ಎಂದಳು ವರ್ಡಾ. “ಅವರ ಬಂದೂಕಲ್ಲೇ.”

“ನೀನಾ?”

“ಇಲ್ಲ, ನಮ್ಮನೆ ಬೆಕ್ಕು. ನಾನೇ ಕಣೋ! ಗಂಡನ ಪಕ್ಕ ನಲವತ್ತು ವರ್ಷ ಕೂತು ಏನು ಬಟಾಣಿ ಸುಲೀತಿದ್ದೆ ಅಂದ್ಕೊಂಡ್ಯಾ?”

ಕ್ಲಬ್ಬಿನ ಆ ಪಂದ್ಯಕ್ಕೆ ಅಂಗಡಿಯ ಗುಂಡು ನಡೆಯುವುದಿಲ್ಲ. ಹಾರಿಸುವವರು ತಮ್ಮ ಕೈಯಾರೆ ಎರೆದದ್ದೇ ಆಗಬೇಕು. ವರ್ಡಾಳಿಗೆ ಎರೆಯಲು ಬರುತ್ತಿತ್ತು, ಸಾಮಾನು ಮಾತ್ರ ನೆಲಮಾಳಿಗೆಯ ತೇವಕ್ಕೆ ಕೆಟ್ಟು ಕೂತಿತ್ತು. ತೊಟ್ಟಿಯಲ್ಲಿ ಕೆಂಪು ತುಕ್ಕಿನ ಅಚ್ಚು, ಸೀಸ ಕರಗಿಸುವ ಕುಡಿಕೆ, ಮೇಣ ಕಲ್ಲಾಗಿ ಕಚ್ಚಿಕೊಂಡಿದ್ದ ಪ್ರೆಸ್ಸು.

“ಈ ಸಲ ಆಗ್ಲಿಲ್ಲ ಅಂದ್ರೆ ಬಂದೂಕು ಗಿಬ್‌ಗೆ ಕೊಟ್ಬಿಡ್ತೀನಿ. ತಿಥಿ ಊಟ ಅರಗೋಕೂ ಮುಂಚೆ ಕೇಳಿದ್ದ ಅವನು,” ಎಂದಳು. ಗಿಬ್ ಲಾವರ್ ಕ್ಲಬ್ಬಿನ ಕಾರ್ಯದರ್ಶಿ. ಊರಲ್ಲಿ ಯಾರು ಸತ್ತರೂ ಶವಪೆಟ್ಟಿಗೆಗಿಂತ ಮೊದಲು ಬಂದೂಕಿನ ಪೆಟ್ಟಿಗೆ ನೋಡುವವನು. “ಅಂದ ಹಾಗೆ, ಬಂದೂಕು ತಂದ್ಕೊಡ್ಲಾ? ನೀನು ಅದೇನೋ ಅಳೀತೀಯಲ್ಲ?”

“ಬೇಡ. ನಾರ್ಬರ್ಟನ ಬಂದೂಕು ನಂಗೊತ್ತಿಲ್ವಾ? ಇಪ್ಪತ್ತು ವರ್ಷ ಪಕ್ಕದಲ್ಲೇ ನೋಡಿದೀನಿ.”

ಪಾದ್ರಿಗೂ ಸಿಗದ ರಿಯಾಯಿತಿಯನ್ನು ಹಾರ್ಲನ್ ತನಗೆ ತಾನೇ ಕೊಟ್ಟುಕೊಂಡ. ಬಂದೂಕು ಕೇಳಿದರೆ ನಾರ್ಬರ್ಟನ ಕೈಕೆಲಸವನ್ನು ನೋಡಿ ಒಂದು ಒಳ್ಳೆಯ ಮಾತು ಆಡಬೇಕಾಗಬಹುದು. ಆ ಅಪಾಯ ಅವನಿಗೆ ಬೇಕಿರಲಿಲ್ಲ.

ಕೆಲಸವನ್ನು ಮಾತ್ರ ಅವನು ಮನಸ್ಸಿಟ್ಟು ಮಾಡಿದ. ಅಚ್ಚಿನ ಎರಡು ಹೋಳುಗಳ ನಡುವೆ ದೀಪ ಹಿಡಿದರೆ ಒಂದು ಗೆರೆ ಬೆಳಕೂ ನುಸುಳದಂತೆ ಕೂಡಿಸಿದ. ಪ್ರೆಸ್ಸು ನಿಂತು ಒತ್ತುವ ಗಂಡಸರಿಗೆಂದು ಮಾಡಿದ್ದು. ವರ್ಡಾಳ ಬಲಭುಜ ನೋವಿನದು. ಆದ್ದರಿಂದ ಹಳೆಯ ಬೋರಿನ ಪಂಪಿನ ಹಿಡಿಯೊಂದನ್ನು ಕತ್ತರಿಸಿ ಕೂಡಿಸಿ, ಕುರ್ಚಿಯಲ್ಲಿ ಕೂತು ಎಡಗೈಯಲ್ಲೇ ಎಳೆಯುವಂತೆ ಮಾಡಿದ. ಚಳಿಗೆ ಮೇಣ ಗಟ್ಟಿಯಾಗದಿರಲೆಂದು ಪ್ರೆಸ್ಸಿನ ಕೆಳಗೆ ಒಂದು ಹಳೆಯ ಇಸ್ತ್ರಿಪೆಟ್ಟಿಗೆಯ ತಳ ಜೋಡಿಸಿದ.

ಕೊನೆಗೆ ಡೈ ಅಳೆದ. ಪುಸ್ತಕದಲ್ಲಿ ಆ ಬಂದೂಕಿಗೆ ಹೇಳಿದ್ದಕ್ಕಿಂತ ತೂತು ಮೂರು ಥೌ ಚಿಕ್ಕದಿತ್ತು. ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಪಾಲು. ಮೂರು ಸೇರಿದರೆ ಒಂದು ತಲೆಗೂದಲಿನ ದಪ್ಪ. ಹಾರ್ಲನ್ನನಿಗೆ ಆದ ಸಂತೋಷ ಹೇಳತೀರದು.

“ನೋಡಿದ್ಯಾ, ಮಹಾನುಭಾವ,” ಎಂದು ಒಂಬತ್ತು ವರ್ಷಗಳ ನಂತರ ನಾರ್ಬರ್ಟನನ್ನು ಮಾತಾಡಿಸಿದ, “ಮೂರರವರೆಗೆ ಎಣಿಸೋಕೂ ಬರ್ಲಿಲ್ಲವಲ್ಲೋ ನಿಂಗೆ!”

ಹಾಗೆಂದು ತೂತು ಹಿಗ್ಗಿಸುವ ರೀಮರ್ ಹಾಕಿ ಅದನ್ನು ಪುಸ್ತಕದ ಅಳತೆಗೆ ಕೊರೆದು, ಕನ್ನಡಿಯಂತೆ ಹೊಳಪು ಕೊಟ್ಟ.

ಪಂದ್ಯಕ್ಕೆ ಎರಡು ವಾರವಿದ್ದಾಗ ವರ್ಡಾ ಹೊಸ ಗುಂಡುಗಳನ್ನು ತೋಟಾಗಳಿಗೆ ಕೂರಿಸಿಕೊಂಡು ಕ್ಲಬ್ಬಿಗೆ ಬಂದಳು. ಮೊದಲ ತೋಟಾ ಬಂದೂಕಿನೊಳಗೆ ಮುಕ್ಕಾಲು ಹೋಗಿ ನಿಂತಿತು. ಎರಡನೆಯದೂ ಅಷ್ಟೇ. ಮೂರನೆಯದನ್ನು ಅವಳು ಹೆಬ್ಬೆರಳಿನಿಂದ ಒತ್ತಿದಾಗ ಹಾರ್ಲನ್ ಕೂಗಿದ, “ಬೇಡ, ಬಲವಂತ ಮಾಡ್ಬೇಡ!”

ಗಿಬ್ ಲಾವರ್ ಕರುಣೆಯಿಂದ ತಲೆಯಾಡಿಸುತ್ತಾ ಹತ್ತಿರ ಬಂದ. “ನಳಿಗೆ ಹೋಗಿದೆ ಕಣಮ್ಮ. ವಯಸ್ಸಾಯ್ತಲ್ಲ ಅದಕ್ಕೂ. ಪರ್ವಾಗಿಲ್ಲ, ಗೋಡೆಗೆ ನೇತುಹಾಕ್ಕೊಳ್ಳೋಕೆ ನಾನು ತಗೋತೀನಿ. ಏನಂತೀಯ ಹಾರ್ಲನ್? ನೀನು ರಿಪೇರಿ ಮಾಡಿದ ಡೈಯಲ್ಲಂತೂ ತಪ್ಪಿರಲ್ಲ.”

ಬೆಂಚಿನಲ್ಲಿದ್ದವರೆಲ್ಲ ಹಾರ್ಲನ್ನನ ಕಡೆ ನೋಡಿದರು. ‘ಹೌದು, ನಳಿಗೆ ಹೋಗಿದೆ’ ಎಂದು ಅವನೊಂದು ಮಾತು ಹೇಳಿದ್ದರೆ ಅದೇ ವೇದವಾಕ್ಯ. ಬಂದೂಕು ಗಿಬ್‌ನ ಗೋಡೆಗೆ, ಹಾರ್ಲನ್ನನ ಹೆಸರು ಇದ್ದಲ್ಲೇ.

“ಮನೇಗೆ ತಗೊಂಡ್ಹೋಗಿ ನೋಡ್ತೀನಿ,” ಎಂದ ಅವನು. ಅಷ್ಟು ಚಿಕ್ಕ ಉತ್ತರವನ್ನು ಅವನ ಬಾಯಿಂದ ಯಾರೂ ಕೇಳಿರಲಿಲ್ಲ.

ಗ್ಯಾರೇಜಿಗೆ ಬಂದು ಸೀಸದ ಉಂಡೆಯನ್ನು ನಳಿಗೆಗೆ ತಳ್ಳಿದ. ಹೊರಬಿದ್ದದ್ದನ್ನು ಅಳೆದ. ಮೈಕ್ರೋಮೀಟರ್ ಒರೆಸಿ ಮತ್ತೆ ಅಳೆದ. ತಾನು ಕೊರೆಯುವ ಮೊದಲು ನಾರ್ಬರ್ಟನ ಡೈಗಿದ್ದ ಅಳತೆ ಆ ನಳಿಗೆಗೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಹೊಂದುತ್ತಿತ್ತು. ಭೂತಗನ್ನಡಿ ಹಿಡಿದು ನಳಿಗೆಯ ಬಾಯಿ ನೋಡಿದರೆ ಅಲ್ಲೊಂದು ನವಿರಾದ ಉಂಗುರದ ಗೆರೆ. ಹಳೆಯ ನಳಿಗೆಯನ್ನು ಕೊರೆದು ಒಳಗೆ ಪುಸ್ತಕದ ಅಳತೆಗಿಂತ ಕಿರಿದಾದ ಹೊಸ ಉಕ್ಕಿನ ಕೊಳವೆ ಕೂರಿಸಿದ್ದ ನಾರ್ಬರ್ಟ್. ಪಕ್ಕದಲ್ಲೇ ಕೂತಿದ್ದ ಹಾರ್ಲನ್ನನಿಗೂ ಕಾಣದಷ್ಟು ನಾಜೂಕಾಗಿ ಕೂರಿಸಿದ್ದ.

ಕಬ್ಬಿಣದ ತೂತು ಹಿಗ್ಗಿಸಬಹುದು, ಕುಗ್ಗಿಸಲಾಗದು. ಸುಳ್ಳಿಗೆ ಹಾಗೇನಿಲ್ಲ, ಹೇಗೆ ಬೇಕಾದರೂ ಹಿಗ್ಗುತ್ತದೆ, ಕುಗ್ಗುತ್ತದೆ; ಒಂದು ಸಿದ್ಧವಾಗಿಯೇ ಇತ್ತು. ಗಿಬ್ ಅದನ್ನು ತಟ್ಟೆಯಲ್ಲಿಟ್ಟು ಕೊಟ್ಟಿದ್ದ.

ಮರುದಿನ ಮಧ್ಯಾಹ್ನ ಅವನು ವರ್ಡಾಳ ಅಡುಗೆಮನೆಯ ಬಾಗಿಲಲ್ಲಿ ಟೋಪಿ ತೆಗೆದು ನಿಂತ. ಅವಳು ಸೇಬು ಹೆಚ್ಚುತ್ತಿದ್ದಳು.

“ಬಂದೂಕು ಚೆನ್ನಾಗಿದೆ. ಡೈ ಕೆಡಿಸಿದ್ದು ನಾನು. ನಳಿಗೆ ಅಳೀಲಿಲ್ಲ.”

ವರ್ಡಾ ಚಾಕು ಕೆಳಗಿಟ್ಟಳು. “ಒಳಗೆ ಕೊಳವೆ ಹಾಕಿತ್ತಲ್ಲ?”

“ನಿಂಗೆ ಗೊತ್ತಿತ್ತಾ?”

“ಗೊತ್ತಿಲ್ದೆ ಏನು? ಪ್ರವಾಹದ ವರ್ಷ ನೆಲಮಾಳಿಗೇಲಿ ಬಂದೂಕು ನೀರಲ್ಲೇ ಬಿಟ್ಟು ತುಕ್ಕು ಹಿಡಿಸಿದ್ರು. ‘ಹಾರ್ಲನ್‌ಗೆ ತಿಳಿದ್ರೆ ಸಾಯೋವರೆಗೂ ಹಂಗಿಸ್ತಾನೆ’ ಅಂತ ಬಾಗಿಲು ಹಾಕ್ಕೊಂಡು ಚಳಿಗಾಲ ಪೂರ್ತಿ ಅದನ್ನೇ ಮಾಡಿದ್ರು.”

“ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?”

“ನೀನು ಕೇಳಿದ್ಯಾ? ಬಂದೂಕು ತರ್ಲಾ ಅಂದ್ರೆ ನಂಗೊತ್ತು ಅಂದೆ. ಎಲ್ಲಾ ಗೊತ್ತಿರೋರಿಗೆ ನಾನೇನು ಹೇಳ್ಲಿ, ಮಹಾರಾಯ?” ಅವಳು ಮತ್ತೆ ಚಾಕು ಎತ್ತಿಕೊಂಡಳು. “ಇನ್ನೂ ಹದಿಮೂರು ದಿನ ಇದೆ. ಇಲ್ಲಿ ನಿಂತು ಟೋಪಿ ಹಿಂಡ್ತಿದ್ರೆ ಡೈ ಆಗುತ್ತಾ?”

ಹೊಸ ಡೈಗೆ ಹನ್ನೊಂದು ದಿನ ಹಿಡಿಯಿತು. ಮೊದಲ ಎರಡನ್ನು ಅವನೇ ಕಸಕ್ಕೆ ಎಸೆದ. ಮೂರನೆಯದನ್ನು ಮರಳುಕಾಗದ ಸುತ್ತಿದ ಕಡ್ಡಿಯಿಂದ ಉಜ್ಜುವುದು, ಒಂದು ಗುಂಡು ಒತ್ತುವುದು, ಅಳೆಯುವುದು, ಮತ್ತೆ ಉಜ್ಜುವುದು. ನಾರ್ಬರ್ಟ್ ಮುಟ್ಟಿದ್ದ ಅಳತೆಗೆ ಅದು ಬಂದಾಗ ಹಾರ್ಲನ್ನನ ಬೆರಳ ತುದಿಗಳಲ್ಲಿ ಚರ್ಮ ಕಡಿಮೆಯಿತ್ತು.

ಪಂದ್ಯದ ದಿನ ವರ್ಡಾಳ ತೋಟಾಗಳು ಒಂದೂ ತಡೆಯದೆ ಒಳಗೆ ಹೋದವು. ಹತ್ತೊಂಬತ್ತು ಜನರಲ್ಲಿ ಅವಳಿಗೆ ಹನ್ನೊಂದನೆಯ ಸ್ಥಾನ. ಹನ್ನೆರಡನೆಯವನು ಗಿಬ್ ಲಾವರ್.

ಊಟಕ್ಕೆ ಎಲ್ಲರೂ ಕ್ಲಬ್ಬಿನ ಹಾಲ್‌ನಲ್ಲಿ ಉದ್ದ ಮೇಜುಗಳಿಗೆ ಕೂತರು. ಗಿಬ್ ಕೇಳಿಯೇಬಿಟ್ಟ, “ಅಲ್ಲ ವರ್ಡಾ, ಅವತ್ತು ಆ ಬಂದೂಕಿಗೆ ಏನಾಗಿತ್ತು?”

“ಬಂದೂಕಿಗೇನೂ ಆಗಿರ್ಲಿಲ್ಲ. ಯಾರೋ ಒಬ್ಬ ಪುಣ್ಯಾತ್ಮ ಅಳೀದೆ ಡೈ ತೂತು ದೊಡ್ಡದು ಮಾಡಿಬಿಟ್ಟಿದ್ದ.”

ಹಾರ್ಲನ್ ಆಲೂಗಡ್ಡೆ ಸಲಾಡನ್ನು ಅತ್ಯಂತ ಶ್ರದ್ಧೆಯಿಂದ ನೋಡುತ್ತಾ ಕೂತ. ಅವಳು ಹೆಸರು ಹೇಳಿರಲಿಲ್ಲ. ಹೇಳುವ ಹಾಗೂ ಕಾಣಲಿಲ್ಲ.

“ಅಳೀದೇನಾ!” ಗಿಬ್ ಮೇಜು ಗುದ್ದಿ ನಕ್ಕ. “ಹಾರ್ಲನ್ ರಿಪೇರಿ ಮಾಡಿದ್ದಕ್ಕೆ ಕೈ ಹಾಕಿದ ಆ ಕತ್ತೆ ಯಾರು? ಎಷ್ಟು ದೊಡ್ಡದು ಮಾಡಿದ್ದ?”

“ಹತ್ತು ಥೌ ಇರ್ಬೇಕು,” ಎಂದಳು ವರ್ಡಾ, ಮಾಂಸ ಕತ್ತರಿಸುತ್ತಾ. “ಹತ್ತೋ ಹನ್ನೆರಡೋ.”

ಹಾರ್ಲನ್ನನ ಕಿವಿ ಕೆಂಪಾಯಿತು. ಫೋರ್ಕನ್ನು ಬಿಗಿಯಾಗಿ ಹಿಡಿದ. ಕತ್ತೆ ಎಂದದ್ದನ್ನು ಅವನು ಹೇಗೋ ನುಂಗಿಕೊಂಡಿದ್ದ.

“ಹನ್ನೆರಡಾ!” ಎಂದ ಗಿಬ್. “ಹಂಗಿದ್ರೆ ಕುಡುಗೋಲಲ್ಲಿ ಕೊರೆದಿದಾನೆ!”

“ಮೂರು,” ಎಂದ ಹಾರ್ಲನ್.

ವರ್ಡಾ ತಲೆ ತಗ್ಗಿಸಿ ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡಳು.

“ಮೂರೇ ಥೌ ನಾನು ಕೊರೆದಿದ್ದು,” ಎಂದು ಹಾರ್ಲನ್ ಎದ್ದು ನಿಂತು, ಹಾಲ್‌ನ ಕೊನೆಗೂ ಕೇಳಿಸುವಂತೆ ಹೇಳಿದ. ಆಮೇಲೆ ಒಂದು ಕ್ಷಣ ಯೋಚಿಸಿದ. “ಸರಿಯಾಗಿ ಹೇಳ್ಬೇಕು ಅಂದ್ರೆ, ಮೂರೂಕಾಲು.”